ಅಟಕಾಮಾದಲ್ಲಿ ಬಿದ್ದ ನಮ್ಮ ಡಬ್ಬಿ

ಗಡಹಿಂಗ್ಲಜ

ಚಿಲಿ ಹೇಗಿತ್ತು ಎಂದು ಗಡಹಿಂಗ್ಲಜದಲ್ಲಿ ನನ್ನನ್ನು ಕೇಳದವರಿಲ್ಲ. ಸ್ಟಾಫ್ ರೂಮಿನಲ್ಲಿ ಕೇಳಿದರು, ಕಿರಾಣಿ ಅಂಗಡಿಯಲ್ಲಿ ಕೇಳಿದರು. ಒಂದು ಸೀಮಂತದ ಮನೆಯಲ್ಲಿ ಎಲೆಯ ಮುಂದೆ ಕುಳಿತಿದ್ದ ಮುದುಕಿಯೊಬ್ಬಳು, "ಅಲ್ಲಿ ಜ್ವಾಳಾ ಬೆಳಿತಾರೇನವಾ?" ಎಂದಳು. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: "ಛಲೋ ಐತ್ರಿ, ಬಿಸಲು ಭಾಳ." ಅದರಲ್ಲಿ ಸುಳ್ಳೇನಿಲ್ಲ. ಮಳೆಯನ್ನೇ ಕಾಣದ ಮರಳುಗಾಡಿಗೆ ಹೋಗಿ ಬಂದವಳು ಬಿಸಿಲು ಎನ್ನದೆ ಇನ್ನೇನು ಎನ್ನಬೇಕು? ಆದರೆ ಅಲ್ಲಿ ನಾನು ಮಾಡಿದ್ದನ್ನು ಬಿಟ್ಟು ಬಿಸಿಲಿನ ಸುದ್ದಿಯನ್ನೇ ಹೇಳಿ ಹೇಳಿ ಈಗ ನನಗೇ ಹೇಸಿಗೆ ಬಂದಿದೆ. ಅದಕ್ಕೇ ಬರೆಯಲು ಕುಳಿತೆ.

ನಾನು ಇಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಹಲಗೆಯ ಮೇಲೆ ಇಂಗ್ಲಿಷ್. ಕೆಲವು ವರ್ಷಗಳಿಂದ ಒಂದು ಸಣ್ಣ ಯಂತ್ರದ ಹಿಂದೆ ಬಿದ್ದಿದ್ದೆ. ಅಡುಗೆಮನೆಯ ಮಸಾಲೆ ಡಬ್ಬಿಯಷ್ಟು ಗಾತ್ರ. ಅದರೊಳಗೆ ಗಾಳಿಯ ಒತ್ತಡ, ಬಿಸಿ-ತಂಪು, ಗಾಳಿಯ ವೇಗ, ಇವನ್ನು ಅಳೆಯುವ ಉಪಕರಣಗಳು. ಮಂಗಳ ಗ್ರಹದ ನೆಲಕ್ಕೆ ಬೀಳಬೇಕು, ಬಿದ್ದ ಮೇಲೂ ಬದುಕಿರಬೇಕು, ಅಲ್ಲಿನ ಹವೆಯ ಸುದ್ದಿ ಕಳಿಸುತ್ತಿರಬೇಕು. ಮಂಗಳನಿಗೆ ಇಳಿಸುವ ದೊಡ್ಡ ಗಾಡಿಗಳು ಒಂದೊಂದು ಜಾಗದ ಹವೆಯನ್ನಷ್ಟೇ ಹೇಳುತ್ತವೆ. ಅದು ಚಂದಗಡದಲ್ಲಿ ಕೊಡೆ ಹಿಡಿದು ನಿಂತವನೊಬ್ಬನನ್ನು ಕೇಳಿ ಇಡೀ ಜಿಲ್ಲೆಯ ಮಳೆಯ ಲೆಕ್ಕ ಬರೆದ ಹಾಗೆ. ಇಂಥ ಸಣ್ಣ ಡಬ್ಬಿಗಳನ್ನು ಹತ್ತಾರು ಕಡೆ ಚೆಲ್ಲಿದರೆ ಇಡೀ ಗ್ರಹದ ಗಾಳಿ ಹೇಗೆ ಓಡಾಡುತ್ತದೆ ಎಂದು ತಿಳಿಯುತ್ತದೆ. ಸಣ್ಣದನ್ನು ಮೆಲ್ಲಗೆ ಇಳಿಸುವ ಸವಲತ್ತು ಇರುವುದಿಲ್ಲ. ಅದು ದಡ್ ಎಂದು ಬೀಳಬೇಕು. ಯಾವ ಮಗ್ಗುಲಿಗೆ ಬಿದ್ದರೂ ಮೂರು ಪಕಳೆಗಳನ್ನು ಬಿಚ್ಚಿ, ನೆಲಕ್ಕೆ ಒತ್ತಿ, ತಾನೇ ಎದ್ದು ಕೂಡಬೇಕು.

ನಮ್ಮ ಪಕಳೆಗಳು ಏಳುತ್ತಿರಲಿಲ್ಲ. ಸ್ಪ್ರಿಂಗುಗಳು ಮುರಿಯುತ್ತಿದ್ದವು, ಇಲ್ಲವೇ ಸಿಡಿದು ಪ್ರಯೋಗಾಲಯದ ಮೂಲೆ ಸೇರುತ್ತಿದ್ದವು. ಒಳ್ಳೆಯ ತಂತಿ ಹುಡುಕಿಕೊಂಡು ಇಚಲಕರಂಜಿಗೆ ಹೋದಾಗ ಅಣ್ಣಪ್ಪ ಕಾಕಾ ಸಿಕ್ಕರು.

ಕಾಕಾ ಅಲ್ಲಿನ ಒಂದು ಯಂತ್ರಮಗ್ಗದ ಶೆಡ್ಡಿನಲ್ಲಿ ಜಾಬರ್. ಮಗ್ಗ ನಿಂತರೆ ಅದರ ಹೊಟ್ಟೆಯೊಳಗೆ ಕೈ ಹಾಕಿ ಮತ್ತೆ ಓಡಿಸುವವನಿಗೆ ಜಾಬರ್ ಎನ್ನುತ್ತಾರೆ. ಅರವತ್ತು ದಾಟಿದ ಜೈನ ಗೃಹಸ್ಥ, ಗಿಡ್ಡ ಮನುಷ್ಯ, ಮಗ್ಗದ ಸದ್ದಿಗೆ ಅರ್ಧ ಕಿವುಡು. ಹತ್ತನೆಯ ಇಯತ್ತೆ ಪಾಸಾಗಿಲ್ಲ. ನನ್ನ ಡಬ್ಬಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಸುಮಾರು ಹೊತ್ತು ತಿರುಗಿಸಿ ನೋಡಿದರು.

"ಬಾಯಾರ, ಇದರ ಬಿಜಾಗರಿ ತಪ್ಪೈತ್ರಿ," ಎಂದರು. ಕಲಿಸುವ ಹೆಂಗಸಿಗೆ ನಮ್ಮ ಕಡೆ ಬಾಯಿ, ಮರ್ಯಾದೆಗೆ ಬಾಯಾರು. ಬಿಜಾಗರಿ ಎಂದರೆ ಬಾಗಿಲಿಗೆ ಇರುವಂಥ ಕೀಲು. "ಸ್ಪ್ರಿಂಗಿಂದು ತಪ್ಪಿಲ್ಲ. ಅದು ಹಿಡ್ಕೊಂಡು ನಿಂದ್ರಾಕ ನೀವು ಜಾಗಾನ ಕೊಟ್ಟಿಲ್ಲ."

ಎಂಟು ದಿನ ಬಿಟ್ಟು ಮೂರು ಬಿಜಾಗರಿ, ಮೂರು ಸ್ಪ್ರಿಂಗು ಮಾಡಿಕೊಟ್ಟರು. ಸ್ಪ್ರಿಂಗಿನ ತುದಿಯನ್ನು ಚೇಳಿನ ಕೊಂಡಿಯ ಹಾಗೆ ಒಳಕ್ಕೆ ಬಾಗಿಸಿದ್ದರು. ಅದು ಬಿಜಾಗರಿಯ ಕೊಕ್ಕೆಯನ್ನು ಕಚ್ಚಿ ಹಿಡಿಯುತ್ತಿತ್ತು. ನಕ್ಷೆ ಎಲ್ಲಿ ಎಂದು ಕೇಳಿದೆ. ತಮ್ಮ ಹೆಬ್ಬೆರಳು ತೋರಿಸಿದರು.

ಶಿರೋಳಿ

ಶಿರೋಳಿಯಲ್ಲಿ ಪರಿಚಯದವರೊಬ್ಬರ ಫೌಂಡ್ರಿ ಇದೆ. ರವಿವಾರ ಭಟ್ಟಿ ಆರಿರುತ್ತದೆ. ಅಚ್ಚಿಗೆ ಬಳಸಿ ಕಪ್ಪಾದ ಮರಳಿನ ರಾಶಿಯ ಮೇಲೆ, ಕ್ರೇನಿನ ತುದಿಯಿಂದ, ನಾವು ಡಬ್ಬಿಯನ್ನು ಬೀಳಿಸುತ್ತಿದ್ದೆವು. ಕಾಕಾ ನೋಡುತ್ತಲೇ ಇರಲಿಲ್ಲ. ಬೆನ್ನು ತಿರುಗಿಸಿ, ಅಂಗೈಯನ್ನು ಮರಳಿನ ಮೇಲೆ ಊರಿ ಕುಳಿತಿರುತ್ತಿದ್ದರು. ಬಿದ್ದ ಪೆಟ್ಟು, ಆಮೇಲೆ ಮೂರು ಸಣ್ಣ ಪೆಟ್ಟು. ಮೂರೂ ಅಂಗೈಗೆ ತಟ್ಟಿದ ಮೇಲೆ, "ಆತು, ಎದ್ದು ಕುಂತೈತಿ," ಎನ್ನುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ.

ಅಷ್ಟರಲ್ಲಿ ಚಿಲಿಯಿಂದ ಕರೆ ಬಂತು. ಬೇರೆ ಬೇರೆ ದೇಶದವರು ಕಟ್ಟಿದ ಇಂಥ ಸಣ್ಣ ಹವಾಮಾನ ಕೇಂದ್ರಗಳನ್ನು ಅಟಕಾಮಾ ಮರಳುಗಾಡಿನಲ್ಲಿ ಬೀಳಿಸಿ ನೋಡುವ ಏರ್ಪಾಡು. ಗೆದ್ದವುಗಳಲ್ಲಿ ಕೆಲವನ್ನು ಮುಂದಿನ ಹಂತಕ್ಕೆ ಒಯ್ಯುತ್ತಾರೆ. ಒಂದು ತಂಡಕ್ಕೆ ಇಬ್ಬರು. ನಮ್ಮ ಪ್ರಿನ್ಸಿಪಾಲರಿಗೆ ಆ ಎರಡನೆಯವರು ತಾವೇ ಆಗಬೇಕೆಂದಿತ್ತು. "ಮಗ್ಗಾ ರಿಪೇರಿ ಮಾಡಾವ್ನ್ನ ವಿಮಾನದಾಗ ಕರ್ಕೊಂಡು ಹೋಗ್ತೀರೇನು?" ಎಂದರು. ನಾನು ಜಗಳಾಡಿದೆ. ಕಾಕಾ ಬರದಿದ್ದರೆ ನಾನೂ ಹೋಗುವುದಿಲ್ಲ ಎಂದು ಬರೆದುಕೊಟ್ಟೆ. ಇದನ್ನು ಹೇಳುತ್ತಿರುವುದು ಬೆನ್ನು ತಟ್ಟಿಸಿಕೊಳ್ಳಲಿಕ್ಕಲ್ಲ. ಆ ಹೊತ್ತಿಗೆ ನಾನು ಎಂಥವಳಿದ್ದೆ ಎಂದು ಗೊತ್ತಾಗಲಿ ಎಂದು.

ಸ್ಯಾಂಟಿಯಾಗೊ

ವಿಮಾನ ಇಳಿದ ಕೂಡಲೆ ನಮ್ಮನ್ನು ಎದುರುಗೊಂಡದ್ದು ಒಂದು ನಾಯಿ. ಮೂಸಿ ನೋಡುವ ಕೆಲಸದ ಸರಕಾರಿ ನಾಯಿ, ಬೆನ್ನಿಗೆ ಹಸಿರು ಅಂಗಿ. ಅದು ಸಾಲಾಗಿ ನಿಂತವರನ್ನೆಲ್ಲ ಬಿಟ್ಟು ಕಾಕಾನ ಚೀಲದ ಮುಂದೆ ಬಂದು ಕುಳಿತುಬಿಟ್ಟಿತು. ಹೋಗು ಎಂದರೂ ಹೋಗಲಿಲ್ಲ.

"ಏನ್ ತಂದೀರಿ ಕಾಕಾ?"

"ಏನೂ ಇಲ್ರಿ. ಭಡಂಗ ಚುರುಮುರಿ, ಕಡಕ್ ರೊಟ್ಟಿ, ಶೇಂಗಾ, ಬೆಲ್ಲಾ."

ಆ ದೇಶದವರಿಗೆ ಹೊರಗಿನ ಕಾಳು-ಬೀಜ ಎಂದರೆ ಆಗದು. ತಮ್ಮ ಬೆಳೆಗೆ ರೋಗ ಬಂದೀತೆಂಬ ಭಯ. ಅಧಿಕಾರಿಣಿ ಹಸಿ ಶೇಂಗಾದ ಗಂಟನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಬೆಲ್ಲದ ಹೆಂಟೆಯನ್ನು ಬೆಳಕಿಗೆ ಹಿಡಿದು, ಇದು ಕಲ್ಲೋ ಔಷಧವೋ ಎಂದು ಕೇಳಿದಳು. ನಾನು ಇಂಗ್ಲಿಷಿನಲ್ಲಿ ಕಬ್ಬಿನ ಕಥೆಯನ್ನು ಹೇಳುವಷ್ಟರಲ್ಲಿ ಕಾಕಾ ಒಂದು ಚೂರು ಮುರಿದು ತಾವೇ ಬಾಯಿಗೆ ಹಾಕಿಕೊಂಡು ತೋರಿಸಿದರು. ಅವಳು ನಕ್ಕು ಬಿಟ್ಟುಕೊಟ್ಟಳು. ಎರಡು ಪೆಟ್ಟಿಗೆಯ ತುಂಬ ತಂತಿ, ಬ್ಯಾಟರಿ, ಸ್ಪ್ರಿಂಗುಗಳಿದ್ದವು. ಅವನ್ನು ಯಾರೂ ಕೇಳಲಿಲ್ಲ.

"ನೋಡ್ರಿ ಬಾಯಾರ," ಎಂದರು ಕಾಕಾ, "ಮಂಗಳನ ಮ್ಯಾಲೆ ಹೋಗೂದಕ್ಕ ಅಡ್ಡಿಯಿಲ್ಲ. ಶೇಂಗಾಕ್ಕ ಅಡ್ಡಿ."

ಮರಳುಗಾಡಿನ ಊರು, ಮೊದಲ ದಿನ

ಅಲ್ಲಿಂದ ಇನ್ನೊಂದು ವಿಮಾನ ಹತ್ತಿ ಉತ್ತರಕ್ಕೆ, ಆಮೇಲೆ ವ್ಯಾನಿನಲ್ಲಿ. ದಾರಿಯುದ್ದಕ್ಕೂ ಒಂದು ಹುಲ್ಲುಕಡ್ಡಿ ಕಾಣಲಿಲ್ಲ. ಕಾಕಾ ಕಿಟಕಿಗೆ ಮುಖ ಹಚ್ಚಿಕೊಂಡು, "ಇಲ್ಲಿ ದನಾ ಏನ್ ತಿಂತಾವು?" ಎಂದರು. ದನ ಇಲ್ಲ ಎಂದೆ. ಅವರಿಗೆ ಅದು ನಂಬಿಕೆಯಾಗಲಿಲ್ಲ. ಸಾಯಂಕಾಲದವರೆಗೂ ಹುಡುಕುತ್ತಿದ್ದರು.

ಊರು ಮಣ್ಣಿನ ಗೋಡೆಯದು. ನಾವು ಇಳಿದುಕೊಂಡ ಮನೆಯ ಒಡತಿ ಎಲ್ವಿರಾ ಎಂಬ ದಪ್ಪನೆಯ ಹೆಂಗಸು, ಬಾಗಿಲ ಮುಂದೆ ನೀರು ಚಿಮುಕಿಸುತ್ತ ನಿಂತಿದ್ದಳು. ಇಷ್ಟು ದೂರ ಬಂದು ನಮ್ಮ ಓಣಿಯ ಮುಂಜಾವನ್ನೇ ಕಂಡ ಹಾಗಾಯಿತು. ಆದರೆ ಅವಳು ಕೊಡ ಕೆಳಗಿಟ್ಟು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಅಲ್ಲಿ ಭೇಟಿಯಾದವರಿಗೆಲ್ಲ ಅದೇ ನಮಸ್ಕಾರ. ನನ್ನದು ಮುಗಿಸಿ ಕಾಕಾನ ಕಡೆ ತಿರುಗಿದಳು. ಕಾಕಾ ಹಿಂದೆ ಸರಿಯಲು ಹೋಗಿ ತಗ್ಗಾದ ಬಾಗಿಲ ಮೇಲಿನ ತೊಲೆಗೆ ತಲೆ ಬಡಿಸಿಕೊಂಡರು. ಅವಳು ಅಯ್ಯೋ ಎಂದು ಅವರ ತಲೆ ತಿಕ್ಕತೊಡಗಿದಳು. ಆಗ ಅವರ ಮುಖ ನೋಡಬೇಕಿತ್ತು. ಮುತ್ತು ಕೊಟ್ಟಿದ್ದರೇ ಬೇಗ ಮುಗಿಯುತ್ತಿತ್ತು.

ಊಟದ ಮೇಜಿಗೆ ಕುಳಿತಾಗ, ಮಾಂಸ ಬೇಡ ಎಂದು ಕಲಿತುಕೊಂಡ ಎರಡು ಸ್ಪ್ಯಾನಿಷ್ ಶಬ್ದ ಹೇಳಿದೆ. ಎಲ್ವಿರಾ ಖುಷಿಯಿಂದ ತಲೆಯಾಡಿಸಿ ಕೋಳಿ ತಂದಿಟ್ಟಳು. ಕೋಳಿಯೂ ಬೇಡ ಎಂದರೆ ಮೀನು ತಂದಳು. ಅವಳ ಲೆಕ್ಕದಲ್ಲಿ ಮಾಂಸ ಎಂದರೆ ದನದ್ದು ಮಾತ್ರ. ಕೊನೆಗೆ ಬ್ರೆಡ್ಡು, ಬೆಣ್ಣೆಹಣ್ಣು, ಟೊಮೆಟೊ. ಕಾಕಾ ಗಡ್ಡೆ-ಗೆಣಸು ತಿನ್ನುವವರಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಅಲ್ಲಿ ಸೂರ್ಯ ಏಳೂವರೆಯಾದರೂ ಮುಳುಗುತ್ತಿರಲಿಲ್ಲ. "ಈ ಊರಾಗ ಸೂರ್ಯಾ ನಮ್ಮ ಮಂದಿ ಕಡೆ ಅದಾನ್ರಿ," ಎಂದು ನಿಧಾನವಾಗಿ ಬ್ರೆಡ್ಡು ತಿಂದರು.

ಆ ದಿನವೇ ನಮ್ಮನ್ನು ಪರೀಕ್ಷೆಯ ಬಯಲಿಗೆ ಒಯ್ದು ತೋರಿಸಿದ್ದರು. ಅದು ಊರಿಗಿಂತ ಬಹಳ ಎತ್ತರ. ಅಲ್ಲಿ ನಾಲ್ಕು ಹೆಜ್ಜೆ ನಡೆದರೆ ಎದೆ ಹೊಡೆದುಕೊಳ್ಳುತ್ತದೆ. ಇಳಿದು ಬಂದ ಮೇಲೂ ಕಾಕಾನ ತಲೆನೋವು ನಿಲ್ಲಲಿಲ್ಲ. ತಲೆ ತೊಲೆಗೆ ಬಡಿದದ್ದಕ್ಕೆ ಎಂದು ಅವರು, ಎತ್ತರದ ಗಾಳಿಗೆ ಎಂದು ನಾನು.

ಎರಡನೆಯ ದಿನ

ಬೆಳಗ್ಗೆ ಕಾಕಾ ಏಳಲಿಲ್ಲ. ಮೂರು ಸಲ ವಾಂತಿಯಾಗಿತ್ತು. ವೈದ್ಯರು ಬಂದು ಒಂದು ದಿನ ಮಲಗಿರಬೇಕು, ನೀರು ಕುಡಿಯುತ್ತಿರಬೇಕು ಎಂದರು. ಎಲ್ವಿರಾ ಯಾವುದೋ ಎಲೆಯ ಕಷಾಯ ಮಾಡಿ ಮಂಚದ ಪಕ್ಕ ಇಟ್ಟಳು. ನಾನು ಒಬ್ಬಳೇ ಡಬ್ಬಿ ಎತ್ತಿಕೊಂಡು ನೋಂದಣಿಗೆ ಹೋದೆ.

ನೋಂದಣಿಯ ಮೇಜಿನ ಹಿಂದಿದ್ದ ಹೆಂಗಸು ಒಂದೊಂದೇ ಭಾಗದ ಕಾಗದ ಕೇಳಿದಳು. ಬ್ಯಾಟರಿಯದು ಇತ್ತು, ಒತ್ತಡ ಅಳೆಯುವ ಉಪಕರಣದ್ದು ಇತ್ತು. ಸ್ಪ್ರಿಂಗಿನದು? ತಂತಿ ಕೊಂಡ ಅಂಗಡಿಯ ಚೀಟಿ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿದಳು, ದೇವನಾಗರಿ. ಇದು ನಡೆಯುವುದಿಲ್ಲ, ಯಾವ ಲೋಹ, ಎಷ್ಟು ಭಾರ ತಡೆಯುತ್ತದೆ ಎಂಬ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ನಿಮ್ಮದನ್ನು ಸ್ಪರ್ಧೆಯ ಹೊರಗಿಟ್ಟು ಬರೀ ಪ್ರದರ್ಶನಕ್ಕೆ ಬೀಳಿಸುತ್ತೇವೆ ಎಂದಳು. ಕರೆಯ ಪತ್ರದಲ್ಲಿ ಇದು ಸ್ಪಷ್ಟವಾಗಿ ಬರೆದಿತ್ತು. ನಾನು ಓದಿದ್ದೆ. ಚೀಟಿಯಲ್ಲಿ ನಡೆದುಹೋಗುತ್ತದೆ ಎಂದುಕೊಂಡಿದ್ದೆ, ನಮ್ಮ ಕಡೆ ಎಲ್ಲವೂ ನಡೆಯುವ ಹಾಗೆ.

ಪಕ್ಕದಲ್ಲೇ ಅವರ ವರ್ಕ್‌ಶಾಪ್ ಇತ್ತು. ಅಲ್ಲಿದ್ದವನು ಒಂದು ಡ್ರಾಯರ್ ಎಳೆದು ತೋರಿಸಿದ. ನೂರಾರು ಸ್ಪ್ರಿಂಗು, ಪ್ರತಿಯೊಂದು ಅಳತೆಗೂ ಪ್ರಮಾಣಪತ್ರ. ನಮ್ಮದರ ಅಳತೆಯದೇ ಸಿಕ್ಕಿತು. ತುದಿ ಮಾತ್ರ ನೇರವಾಗಿತ್ತು, ಕೊಂಡಿ ಇರಲಿಲ್ಲ. ನಾನು ಭೌತಶಾಸ್ತ್ರದವಳು. ಸ್ಪ್ರಿಂಗಿನ ಬಲ ಲೆಕ್ಕ ಹಾಕಿದೆ, ಸರಿಯಿತ್ತು. ಮೂರನ್ನೂ ಬದಲಿಸಿದೆ. ಮೇಜಿನ ಮೇಲಿಟ್ಟು ಐದಾರು ಸಲ ಪಕಳೆ ಬಿಚ್ಚಿಸಿದೆ, ಪ್ರತಿ ಸಲವೂ ಬಿಚ್ಚಿತು. ಬೀಳಿಸಿ ನೋಡಲಿಲ್ಲ. ಸಮಯ ಇರಲಿಲ್ಲ ಎನ್ನಬಹುದು. ಇಳಿಸಂಜೆಯವರೆಗೂ ಸಮಯವಿತ್ತು.

ಆಮೇಲೆ ಇನ್ನೊಂದು ಮೇಜಿನಲ್ಲಿ ಒಂದು ಅರ್ಜಿ. 'ನಿಮ್ಮ ಊರಿನಲ್ಲಿ ನಡೆಸಿದ ಪರೀಕ್ಷೆಯ ನಂತರ ಯಂತ್ರದಲ್ಲಿ ಏನಾದರೂ ಬದಲಾವಣೆ ಮಾಡಿದ್ದೀರಾ?' ಮಾಡಿದ್ದೇನೆ ಎಂದರೆ ಬದಲಿಸಿದ ಭಾಗವನ್ನು ಅಲ್ಲಿಯೇ ಮತ್ತೆ ಪರೀಕ್ಷಿಸಬೇಕು, ನಮ್ಮ ಸರದಿ ತಪ್ಪುತ್ತದೆ. 'ಇಲ್ಲ' ಎಂಬುದರ ಮುಂದೆ ಗುರುತು ಹಾಕಿ ಸಹಿ ಮಾಡಿದೆ.

ಮನೆಗೆ ಬಂದಾಗ ಕಾಕಾ ಎಚ್ಚರವಿದ್ದರು. ಗೋಡೆಗೆ ಒರಗಿ ಕುಳಿತು ಕಷಾಯ ಕುಡಿಯುತ್ತಿದ್ದರು.

"ಎಲ್ಲಾ ಬರೋಬ್ಬರಿ ಆತೇನ್ರಿ?"

"ಆತು ಕಾಕಾ. ಕಾಗದಾ ಎಲ್ಲಾ ಮುಗದ್ವು."

"ಡಬ್ಬಿಗೆ ಯಾರೂ ಕೈ ಹಚ್ಚಿಲ್ಲಲ್ಲ?"

"ಇಲ್ರಿ," ಎಂದೆ.

ಅವರಿಗೆ ಮೈ ನೆಟ್ಟಗಿರಲಿಲ್ಲ, ಹೇಳಿದರೆ ಎದ್ದು ಹೊರಡುತ್ತಿದ್ದರು, ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಅವರು ಬೇಡ ಎನ್ನುತ್ತಾರೆಂದು ಗೊತ್ತಿತ್ತು. ಬೇಡ ಎನ್ನುವವರನ್ನು ಕೇಳದಿರುವುದು ಸುಲಭ.

ಬಯಲು, ಮೂರನೆಯ ದಿನ

ಕಾಕಾ ಮಫ್ಲರು ಸುತ್ತಿಕೊಂಡು ಬಂದರು. ಬೇಡ ಎಂದರೂ ಕೇಳಲಿಲ್ಲ.

ಆ ಬಯಲನ್ನು ಬಣ್ಣಿಸಲು ನನ್ನ ಹತ್ತಿರ ಮಾತಿಲ್ಲ. ಇಟ್ಟಂಗಿ ಪುಡಿ ಮಾಡಿ ಆಕಾಶದವರೆಗೆ ಚೆಲ್ಲಿದ ಹಾಗೆ. ಸದ್ದೇ ಇಲ್ಲ. ಇಚಲಕರಂಜಿಯ ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದ ಮನುಷ್ಯ ಎರಡೂ ಕಿವಿಗೆ ಬೆರಳು ಹಾಕಿ ಅಲುಗಾಡಿಸಿದರು. "ನಂದಽ ಕಿವಿ ಪೂರಾ ಹೋತೇನೋ ಅಂತ ತಿಳ್ಕೊಂಡ್ನಿ," ಎಂದರು.

ಹೆಲಿಕಾಪ್ಟರು ಒಂದೊಂದೇ ಕೇಂದ್ರವನ್ನು ಬೀಳಿಸುತ್ತ ಹೋಯಿತು. ಪ್ರತಿಯೊಂದಕ್ಕೂ ಒಂದು ಸಣ್ಣ ಪ್ಯಾರಾಶೂಟು, ಪೆಟ್ಟು ಬೀಳಲಿ ಎಂದೇ ಸಣ್ಣದು. ನಾವೆಲ್ಲ ದೂರದ ಗುಡಾರದಲ್ಲಿ ಪರದೆಯ ಮುಂದೆ ಕುಳಿತಿದ್ದೆವು. ಬಿದ್ದ ಕೇಂದ್ರ ಎದ್ದು ಕೂತರೆ ಅದರ ಹೆಸರಿನ ಮುಂದೆ ಹಸಿರು ದೀಪ. ಒಂದರ ಹಿಂದೆ ಒಂದು ಹಸಿರು ಹತ್ತಿದವು. ಜನ ಚಪ್ಪಾಳೆ ತಟ್ಟಿದರು, ಒಬ್ಬರನ್ನೊಬ್ಬರು ಅಪ್ಪಿಕೊಂಡರು. ನಮ್ಮದು ಬಿತ್ತು. ದೀಪ ಹತ್ತಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಕಾಕಾ ನನ್ನ ಮುಖ ನೋಡಿದರು. "ತಡಾ ಆಗಾಕತ್ತೈತಿ," ಎಂದರು. ಆಮೇಲೆ, "ಬ್ಯಾಟರಿ ಇರಬೇಕ್ರಿ. ಪಕಳಿ ತೆಗದಿರ್ತಾವ. ಅದರ ಬಗ್ಗೆ ನೀವು ಚಿಂತಿ ಮಾಡಬ್ಯಾಡ್ರಿ."



ಮಧ್ಯಾಹ್ನ ಒಂದು ಸುಳಿಗಾಳಿ ಎದ್ದಿತು. ಮಂಗಳನ ಮೇಲೆ ಇಂಥವು ದಿನವೂ ಓಡಾಡುತ್ತವೆ. ಅವನ್ನು ಹಿಡಿಯುವುದಕ್ಕೆಂದೇ ಇಷ್ಟೆಲ್ಲ ಜನ ಇಷ್ಟು ದೂರ ಬಂದಿದ್ದರು. ಕೆಂಪು ಧೂಳಿನ ಕಂಬ, ನಿಧಾನವಾಗಿ ಬಯಲು ದಾಟಿ, ನಮ್ಮ ಡಬ್ಬಿ ಬಿದ್ದ ಜಾಗದ ಮೇಲೆಯೇ ಹಾದುಹೋಯಿತು. ಉಳಿದವರ ಪರದೆಗಳಲ್ಲಿ ಗಾಳಿಯ ಒತ್ತಡ ಇಳಿದದ್ದನ್ನು ದೂರದಿಂದ ಹಿಡಿದ ಸಣ್ಣ ತಗ್ಗು ಮೂಡಿತು. ನಟ್ಟನಡುವೆ ಇದ್ದದ್ದು ನಮ್ಮದೊಂದೇ. ಅದು ಏನೂ ಹೇಳಲಿಲ್ಲ.

ಸಂಜೆಯ ಹೊತ್ತಿಗೆ ಜೀಪಿನಲ್ಲಿ ಹೋಗಿ ತಂದೆವು. ಎರಡು ಪಕಳೆ ಬಿಚ್ಚಿದ್ದವು. ಮೂರನೆಯದು ಮುಚ್ಚಿಯೇ ಇತ್ತು. ಡಬ್ಬಿ ಅಡ್ಡಬಿದ್ದು ಸುದ್ದಿ ಕಳಿಸುವ ಅದರ ಕಡ್ಡಿ ಮರಳಿನಲ್ಲಿ ಹೂತಿತ್ತು. ಕಾಕಾ ಮೊಣಕಾಲೂರಿ ಕುಳಿತರು. ಎಂದಿನ ಹಾಗೆ ಬೆರಳನ್ನು ಬಿಜಾಗರಿಯೊಳಗೆ ಹಾಕಿದರು. ಸ್ಪ್ರಿಂಗು ಕೊಕ್ಕೆಯಿಂದ ಜಾರಿ ಸಡಿಲವಾಗಿ ನೇತಾಡುತ್ತಿತ್ತು. ಅದನ್ನು ಹೊರಗೆಳೆದು ಅಂಗೈ ಮೇಲೆ ಇಟ್ಟುಕೊಂಡರು.

"ಇದನ್ನ ಯಾವಾಗ ಹಾಕಿದ್ರಿ?"

"ನಿನ್ನೆ ಮಧ್ಯಾಹ್ನ. ಕಾಗದಾ ಕೇಳಿದ್ರು ಕಾಕಾ. ನಿಮ್ಮ ಸ್ಪ್ರಿಂಗಿಗೆ ಕಾಗದಾ ಇರಲಿಲ್ಲ."

"ನನಗ ಒಂದ್ ಮಾತ್ ಕೇಳಬೇಕಿತ್ತು."

"ನಿಮಗ ಆರಾಮ ಇರಲಿಲ್ಲ."

"ಆರಾಮ ಇರಲಿಲ್ರಿ," ಎಂದರು ಕಾಕಾ. "ಸತ್ತಿರಲಿಲ್ಲಲ್ಲ."

ಸ್ಪ್ರಿಂಗನ್ನು ನನ್ನ ಕೈಗೆ ಕೊಟ್ಟು ಎದ್ದು ಜೀಪಿನ ಕಡೆ ನಡೆದರು.

ಸಭೆ, ನಾಲ್ಕನೆಯ ದಿನ

ಬಿದ್ದು ಕೆಟ್ಟ ಯಂತ್ರಗಳ ಕಾರಣ ಬರೆಯಲು ಒಂದು ಸಭೆ. ಹೆನ್ರಿಕ್ ಎಂಬ ವಯಸ್ಸಾದ ಇಂಜಿನಿಯರು ನಡೆಸುತ್ತಿದ್ದರು. ಒಳ್ಳೆಯ ಮನುಷ್ಯ, ಮಾತು ಮೆತ್ತಗೆ. ನಮ್ಮ ಡಬ್ಬಿಯ ಫೋಟೊವನ್ನು ಗೋಡೆಯ ಮೇಲೆ ತೋರಿಸಿ, ಸ್ಪ್ರಿಂಗಿಗೆ ಪ್ರಮಾಣಪತ್ರವಿದೆ, ಅದರಲ್ಲಿ ದೋಷವಿಲ್ಲ, ಆದರೆ ಬಿಜಾಗರಿಯ ಕೊಕ್ಕೆ ಅದನ್ನು ಹಿಡಿದಿಟ್ಟುಕೊಂಡಿಲ್ಲ, ಕೊಕ್ಕೆಯ ಆಕಾರವೇ ತಪ್ಪು ಎಂದರು. ಇದನ್ನು ಎಲ್ಲಿ ಮಾಡಿಸಿದಿರಿ, ನಕ್ಷೆ ಇದೆಯೇ ಎಂದು ನನ್ನನ್ನು ಕೇಳಿದರು.

ಹೇಳಬೇಕಾದ ಮಾತು ಚಿಕ್ಕದಿತ್ತು. ಕೊಕ್ಕೆ ಸರಿಯಿದೆ, ಅದನ್ನು ಬೇರೆ ಸ್ಪ್ರಿಂಗಿಗೆ ಮಾಡಿದ್ದು, ನಾನು ಬದಲಿಸಿದೆ, ಅರ್ಜಿಯಲ್ಲಿ ಸುಳ್ಳು ಬರೆದೆ. ಇಷ್ಟೇ. ಇಷ್ಟು ಹೇಳಿದ್ದರೆ ನನ್ನ ಕಾಲೇಜಿನ ಹೆಸರು ಪಟ್ಟಿಯಿಂದ ಹೋಗುತ್ತಿತ್ತು. ಪ್ರಿನ್ಸಿಪಾಲರು ಏನೆನ್ನುತ್ತಾರೆ ಎಂಬುದು ಕಿವಿಯಲ್ಲಿ ಕೇಳಿಸಿತು. ಮುಂದಿನ ವರ್ಷ ಇನ್ನೊಮ್ಮೆ ಅವಕಾಶ ಕೊಡುತ್ತೇವೆ ಎಂದು ಹೆನ್ರಿಕ್ ಆಗಲೇ ಹೇಳಿದ್ದರು, ಅದೂ ಕೇಳಿಸಿತು.

"ಇಚಲಕರಂಜಿಯ ಒಂದು ಸ್ಥಳೀಯ ವರ್ಕ್‌ಶಾಪಿನಲ್ಲಿ," ಎಂದೆ ಇಂಗ್ಲಿಷಿನಲ್ಲಿ. "ನಕ್ಷೆ ಇಲ್ಲ."

ಹೆನ್ರಿಕ್ ಬರೆದುಕೊಂಡರು. ನನ್ನ ಪಕ್ಕದಲ್ಲಿ ಕುಳಿತಿದ್ದ ಕಾಕಾನಿಗೆ ಆ ಎರಡು ತಾಸಿನ ಇಂಗ್ಲಿಷಿನಲ್ಲಿ ತಿಳಿದದ್ದು ಒಂದೇ ಶಬ್ದ.

"ಇಚಲಕರಂಜಿ ಅಂದ್ರಲ್ಲ, ಏನಂತ್ರಿ?" ಎಂದು ಪಿಸುಗುಟ್ಟಿದರು.

"ಎಲ್ಲಿ ಮಾಡಿದ್ದು ಅಂತ ಕೇಳಿದ್ರು, ಕಾಕಾ."

ಅವರು ಮೈ ನೆಟ್ಟಗೆ ಮಾಡಿಕೊಂಡು ಕುಳಿತರು. ಅಷ್ಟು ದೇಶಗಳ ಜನರ ಮುಂದೆ ತಮ್ಮ ಊರಿನ ಹೆಸರು ಬಂತಲ್ಲ ಎಂಬ ಸಣ್ಣ ಸಂತೋಷ ಮುಖದ ಮೇಲೆ ಕಂಡಿತು. ಆ ಮುಖವನ್ನು ಮರೆಯಲು ಇವತ್ತಿಗೂ ಆಗಿಲ್ಲ.

ಆ ಸಂತೋಷ ಚಹಾದ ಹೊತ್ತಿನವರೆಗೂ ಇರಲಿಲ್ಲ. ಜರ್ಮನಿಯ ತಂಡದಲ್ಲಿ ಪುಣೆ ಮೂಲದ ದೇಶಪಾಂಡೆ ಎಂಬ ಇಂಜಿನಿಯರು ಇದ್ದರು. ಅವರು ಕಾಕಾನ ಹತ್ತಿರ ಬಂದು ಮರಾಠಿಯಲ್ಲಿ ಸಮಾಧಾನ ಹೇಳತೊಡಗಿದರು. "ವಾಯಿಟ್ ವಾಟೂನ್ ಘೇವೂ ನಕಾ ಕಾಕಾ," ಬೇಜಾರು ಮಾಡ್ಕೋಬೇಡಿ, ಬಿಜಾಗರಿ ತಪ್ಪಾಗುವುದು ಎಲ್ಲರಿಗೂ ಆಗುತ್ತದೆ, ಮುಂದಿನ ಸಲ ನಕ್ಷೆ ಮಾಡಿಸಿ ಎಂದರು. ಕಾಕಾ ಕೈಯಲ್ಲಿ ಕಪ್ಪು ಹಿಡಿದುಕೊಂಡೇ ನಿಂತಿದ್ದರು. "ಹೋ, ಹೋ," ಎಂದು ತಲೆಯಾಡಿಸಿದರು. ನನ್ನ ಕಡೆ ತಿರುಗಿ ನೋಡಲಿಲ್ಲ.

ಮರಳಿ ದಾರಿ

ಮೂರು ವಿಮಾನ, ಒಂದು ಬಸ್ಸು. ಹೋಗುವಾಗ ಕಿಟಕಿಯಿಂದ ಕಂಡದ್ದನ್ನೆಲ್ಲ ಕೇಳಿದ್ದ ಮನುಷ್ಯ ಬರುವಾಗ ಒಂದೂ ಪ್ರಶ್ನೆ ಕೇಳಲಿಲ್ಲ. ಸಿಟ್ಟು ತೋರಿಸಲೂ ಇಲ್ಲ. ನನ್ನ ಚೀಲ ಎತ್ತಿ ಮೇಲಿಟ್ಟರು, ನೀರಿನ ಬಾಟಲಿ ತಂದುಕೊಟ್ಟರು. ಉಳಿದ ಭಡಂಗದಲ್ಲಿ ಅರ್ಧ ನನಗೆ ಕಾಗದದಲ್ಲಿ ಕಟ್ಟಿ ಕೊಟ್ಟರು. ಅದನ್ನು ಬಿಚ್ಚದೆ ಚೀಲಕ್ಕೆ ಹಾಕಿಕೊಂಡೆ.

ಪುಣೆಯಿಂದ ಬರುವ ಬಸ್ಸು ಕೊಲ್ಹಾಪುರ ಮುಟ್ಟುವ ಮೊದಲು ದಾರಿ ಕವಲೊಡೆಯುವ ಶಿರೋಳಿ ಫಾಟಾದಲ್ಲಿ ನಿಲ್ಲುತ್ತದೆ. ಇಚಲಕರಂಜಿಗೆ ಹೋಗುವವರು ಅಲ್ಲಿ ಇಳಿಯಬೇಕು. ಕಾಕಾ ಚೀಲ ಹೆಗಲಿಗೆ ಹಾಕಿಕೊಂಡರು. ನಮ್ಮ ಕಡೆ ಹೊರಟವರು 'ಬರ್ತೇನ್ರಿ' ಎನ್ನುತ್ತಾರೆ. ಶತ್ರುವಿನ ಮನೆಯಿಂದ ಏಳುವಾಗಲೂ ಹಾಗೆಯೇ ಎನ್ನುತ್ತಾರೆ.

"ಹೋಗ್ತೇನ್ರಿ ಬಾಯಾರ," ಎಂದರು ಕಾಕಾ.

ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ಅವುಗಳ ನಡುವೆ ದಾರಿ ಮಾಡಿಕೊಂಡು ರಸ್ತೆ ದಾಟಿದರು.

ಇಚಲಕರಂಜಿ

ಒಂದು ತಿಂಗಳು ಸುಮ್ಮನಿದ್ದೆ. ವರದಿ ಬಂತು. ನಮ್ಮ ಕಾಲೇಜಿನ ಹೆಸರಿನ ಮುಂದೆ 'ಸ್ಥಳೀಯವಾಗಿ ತಯಾರಾದ ಬಿಜಾಗರಿಯ ದೋಷ' ಎಂದಿತ್ತು. ಪ್ರಿನ್ಸಿಪಾಲರು ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಓದಿದರು. "ನಾ ಮೊದಲಽ ಹೇಳಿದ್ನಿಲ್ರಿ?" ಎಂದರು. ಎಲ್ಲರೂ ನಕ್ಕರು. ನಾನೂ ತುಟಿ ಹಿಗ್ಗಿಸಿದೆ.

ಮನೆಗೆ ಬಂದು ಕನ್ನಡಿ ನೋಡಲಾಗಲಿಲ್ಲ ಎಂದೆಲ್ಲ ಬರೆಯುವುದಿಲ್ಲ. ಮನೆಗೆ ಬಂದೆ, ಅನ್ನ ಮಾಡಿದೆ, ಉಂಡೆ. ಮರುದಿನ ಹೆನ್ರಿಕ್‌ಗೆ ಪತ್ರ ಬರೆದೆ. ಸ್ಪ್ರಿಂಗು ಬದಲಿಸಿದ್ದು ನಾನು, 'ಇಲ್ಲ' ಎಂದು ಗುರುತು ಹಾಕಿದ್ದು ನಾನು, ಬಿಜಾಗರಿಯಲ್ಲಿ ದೋಷವಿರಲಿಲ್ಲ. ನಾಲ್ಕು ದಿನಕ್ಕೆ ಉತ್ತರ ಬಂತು. ವರದಿ ತಿದ್ದಿದ್ದೇವೆ, ಬಿಜಾಗರಿ ನಿರ್ದೋಷಿ ಎಂದು ಸೇರಿಸಿದ್ದೇವೆ, ನಿಮ್ಮ ಸಂಸ್ಥೆಗೆ ಮುಂದಿನ ಕರೆ ಇರುವುದಿಲ್ಲ. ಕೆಳಗೆ ಒಂದು ಸಾಲು, ಇದನ್ನು ಅಲ್ಲಿಯೇ ಹೇಳಿದ್ದರೆ ನಾನು ಬಿಜಾಗರಿ ಮಾಡಿದವರ ಕೈ ಕುಲುಕುತ್ತಿದ್ದೆ ಎಂದು.

ಆ ಕಾಗದ ಹಿಡಿದುಕೊಂಡು ಇಚಲಕರಂಜಿಗೆ ಹೋದೆ. ಶೆಡ್ಡಿನಲ್ಲಿ ಕಾಕಾ ಹಳೆಯ ಮಗ್ಗವೊಂದರ ಕೆಳಗೆ ಮಲಗಿದ್ದರು. ಆಚೆ ಹೊಸ ಮಗ್ಗಗಳ ಸಾಲಿನಲ್ಲಿ ಇನ್ನೊಬ್ಬ ಜಾಬರ್ ಓಡಾಡುತ್ತಿದ್ದ. ಹೊರಗೆ ಬಂದು ಕೈ ಒರೆಸಿಕೊಂಡರು. ನಾನು ಕಾಗದ ಓದಿ ಅರ್ಥ ಹೇಳಿದೆ. ತಪ್ಪಾತು ಕಾಕಾ ಎಂದೆ.



"ಬರದ್ರಲ್ಲ, ಛಲೋ ಆತ್ರಿ," ಎಂದರು ಕಾಕಾ. "ಆದ್ರ ನಾ ಊರಾಗ ಎಲ್ಲಾರಿಗೂ ನಂದಽ ತಪ್ಪು ಅಂತ ಹೇಳೀನಿ. ಮಾಲಕರು ಕೇಳಿದ್ರು, ಬಸದಿಯಾಗ ಕೇಳಿದ್ರು, ನನ್ನ ಮಗಳು ಕೇಳಿದ್ಲು."

"ಯಾಕ್ ಹಂಗ ಹೇಳಿದ್ರಿ?"

"ಮತ್ತೇನ್ ಹೇಳ್ಲಿ? ಬಾಯಾರು ಸುಳ್ಳ ಹೇಳ್ಯಾರ ಅಂತ ಹೇಳ್ಲೇನು? ನನ್ನ ಸಲುವಾಗಿ ಪ್ರಿನ್ಸಿಪಾಲರ ಜೋಡಿ ಜಗಳಾ ಆಡಿ ಕರ್ಕೊಂಡು ಹೋದವ್ರು ನೀವು."

ಹೊಸ ಮಗ್ಗಗಳು ಬಂದಾಗ ಮಾಲಕರು ಅವನ್ನು ಕಾಕಾನ ಕೈಗೆ ಕೊಡಲಿಲ್ಲವಂತೆ. ವಯಸ್ಸಾತು, ಕೈ ತಪ್ಪಾಕತ್ತೈತಿ, ಅಷ್ಟು ದೂರ ಹೋಗಿ ಮಾನ ಕಳಕೊಂಡು ಬಂದಿ, ಎಂದರಂತೆ. ಇದನ್ನು ಹೇಳುವಾಗಲೂ ಕಾಕಾನ ದನಿ ಏರಲಿಲ್ಲ. ಮಾಲಕರ ಹತ್ತಿರ ನಾನು ಮಾತಾಡುತ್ತೇನೆ ಎಂದೆ. "ಬ್ಯಾಡ್ರಿ. ಇದ್ದದ್ದು ಇರ್ಲಿ," ಎಂದು ಮತ್ತೆ ಮಗ್ಗದ ಕೆಳಗೆ ಹೋದರು.

ಅವರ ಮಾತು ಕೇಳದೆ ಮಾಲಕರ ಕಚೇರಿಗೆ ಹೋದೆ. ಶೆಡ್ಡಿನ ಮುಂಭಾಗದಲ್ಲೇ ಗಾಜಿನ ಕೋಣೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಮೊದಲಿನಿಂದ, ಏನನ್ನೂ ಬಿಡದೆ. ಅರ್ಜಿಯಲ್ಲಿ ಹಾಕಿದ ಗುರುತನ್ನೂ ಹೇಳಿದೆ, ಸಭೆಯಲ್ಲಿ ಆಡಿದ ಮಾತನ್ನೂ ಹೇಳಿದೆ. ಮಾಲಕರು ಸಾವಧಾನವಾಗಿ ಕೇಳಿಸಿಕೊಂಡರು. ಕಾಗದ ಕೊಟ್ಟೆ. ಅದು ಇಂಗ್ಲಿಷಿನಲ್ಲಿತ್ತು. ಮೇಲಿಂದ ಕೆಳಗೆ ಕಣ್ಣಾಡಿಸಿ, ಮಡಚಿ, ಎರಡೂ ಕೈಯಿಂದ ನನಗೆ ವಾಪಸು ಕೊಟ್ಟರು.

"ಕುಂದರ್ರಿ ಬಾಯಾರ," ಎಂದರು. ಅವರ ಕಣ್ಣುಗಳು ಒದ್ದೆಯಾಗಿದ್ದವು. "ಇಂಥಾ ಮಂದಿ ಈಗೆಲ್ಲಿ ಅದಾರ್ರಿ? ಒಬ್ಬ ಮುದುಕನ ಮಾನಾ ಉಳಸಾಕ ತಪ್ಪೆಲ್ಲಾ ತಮ್ಮ ತಲಿ ಮ್ಯಾಲೆ ಹಾಕ್ಕೊಂಡು ಗಡಹಿಂಗ್ಲಜದಿಂದ ಬಂದೀರಿ. ಅಣ್ಣಪ್ಪ ನನಗ ಎಲ್ಲಾ ಹೇಳ್ಯಾನ್ರಿ. ತಾನಽ ಒಪ್ಪ್ಯಾನ."

"ಅಲ್ರಿ, ನಾ ಹೇಳೂದು ಖರೇನ ಐತಿ," ಎಂದೆ.

"ಆತ್ರಿ, ಆತ್ರಿ. ನಿಮ್ಮದು ದೊಡ್ಡ ಮನಸು."

ಅವರು ಎದ್ದು ನಿಂತು ನನಗೆ ಕೈ ಮುಗಿದರು. ಹೊರಗೆ ತಲೆ ಹಾಕಿ, ಬಾಯಾರಿಗೆ ಸ್ಪೆಷಲ್ ಚಹಾ ತರಲು ಕೂಗಿ ಹೇಳಿದರು.